ಚೇಚಿ ಹೇಳಿದ ಬೆನ್ನುನೋವು

ಅವರ ಬಲಭುಜ ಎಡಭುಜಕ್ಕಿಂತ ಒಂದು ಬೆರಳಷ್ಟು ಕೆಳಗಿತ್ತು. ರವಿಕೆಯ ಬಲತೋಳು ಯಾವಾಗಲೂ ಜಾರಿದಂತೆ ಕಾಣುತ್ತಿತ್ತು, ದರ್ಜಿಯ ತಪ್ಪಲ್ಲ. ವಿಲ್ಲಿಂಗ್ಡನ್ ಐಲ್ಯಾಂಡ್ ಬಂದರಿನ ಹಡಗು ಕಂಪನಿಯೊಂದರ ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಮಾಡಿದ್ದರ ಗುರುತು ಅದು.

ತ್ರಿಪ್ಪುಣಿತ್ತುರದ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಚೇಚಿ ಎನ್ನುತ್ತಿದ್ದರು, ಅಂದರೆ ಅಕ್ಕ. ನಾನೂ ಹಾಗೇ ಕರೆದೆ. ಅವರ ಬಾಯಲ್ಲಿ ನಾನು ‘ಮೋಳೇ’, ಮಗಳು. ಇಬ್ಬರದೂ ಕಾಸರಗೋಡಿನ ಕಡೆ ಎಂದು ತಿಳಿದ ದಿನದಿಂದ ನಮ್ಮ ಮಾತು ಕನ್ನಡಕ್ಕೆ ತಿರುಗಿತು. ಅವರು ಮದುವೆಯಾಗಿರಲಿಲ್ಲ. ತಿರುವನಂತಪುರದಲ್ಲಿ ಸರಕಾರಿ ಕೆಲಸದ ಒಬ್ಬ ತಮ್ಮ, ಅಷ್ಟೇ.

ಕಾಸರಗೋಡಿನ ಹಳೆಯ ಜಮೀನು ಪತ್ರಗಳನ್ನು ವಕೀಲರಿಗಾಗಿ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಮನೆಯಲ್ಲೇ ದಿನವಿಡೀ ಲ್ಯಾಪ್‌ಟಾಪಿನ ಮೇಲೆ ಬಾಗಿ ಕೂತು, ಭುಜದ ಹಲಗೆಗಳ ನಡುವೆ ಮೊಳೆ ಹೊಡೆದಂಥ ನೋವು ಶುರುವಾಗಿತ್ತು. ಒಂದು ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಹಾಕಲು ಕೈ ಎತ್ತಲಾರದೆ ನಿಂತಿದ್ದಾಗ ಚೇಚಿ ನೋಡಿದರು.

“ಎಂತ, ಕೈ ಮೇಲೆ ಹೋಗುದಿಲ್ವಾ? ಬಾ ನಮ್ಮಲ್ಲಿಗೆ.”

ತಮ್ಮ ಮನೆಯ ಗೋಡೆಗೆ ನನ್ನನ್ನು ಆನಿಸಿ ನಿಲ್ಲಿಸಿದರು. ಹಳೆಯ ಕಾಲುಚೀಲದಲ್ಲಿ ಟೆನಿಸ್ ಚೆಂಡು ಹಾಕಿ ಬೆನ್ನ ಹಿಂದೆ ಇಳಿಬಿಟ್ಟರು.

“ಬೆನ್ನೆಲುಬಿನ ಮೇಲೆ ಬೇಡ, ಪಕ್ಕದಲ್ಲಿ. ಮೆಲ್ಲ ಒರಗು. ನೋವು ಸಿಕ್ಕಿದಲ್ಲಿ ನಿಲ್ಲು, ಉಸಿರು ಬಿಡು.”

ಆಮೇಲೆ ಸುತ್ತಿದ ಟವೆಲನ್ನು ನೆಲದ ಮೇಲಿಟ್ಟು, ಬೆನ್ನೆಲುಬಿನ ಉದ್ದಕ್ಕೂ ತಾಗುವಂತೆ ಅದರ ಮೇಲೆ ಮಲಗಿಸಿ ತೋಳು ಚಾಚಿಸಿದರು. ಬಿಸಿ ಉಪ್ಪಿನ ಗಂಟನ್ನು ಮೊದಲು ತಮ್ಮ ಕೆನ್ನೆಗೆ ಒತ್ತಿ ನೋಡಿ, ಹದವಾದ ಮೇಲೆ ನನ್ನ ಬೆನ್ನಿಗಿಟ್ಟರು. ಮರುದಿನ ಮೇಲಿನ ಮಹಡಿಯ ನನ್ನ ಮನೆಗೆ ಬಂದು ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಕಾನೂನು ಪುಸ್ತಕ ಒಟ್ಟಿ, ಬೇರೆ ಕೀಬೋರ್ಡ್ ತರಿಸಿದರು.

“ನೆಲದಲ್ಲಿ ಎಂತ ಕಳೆದುಹೋಗಿದೆ ನಿಂದು? ತಲೆ ಎತ್ತಿ ಕೂರು ಮಾರಾಯ್ತಿ.”

ಮೂರು ವಾರದಲ್ಲಿ ನೋವು ಇಳಿಯಿತು. ಆಮೇಲೂ ದಿನಕ್ಕೆ ಎರಡು ಸಲ ಫೋನ್ ಮಾಡಿ, ಕುರ್ಚಿ ಬಿಟ್ಟು ಎದ್ದೆಯಾ ಎಂದು ವಿಚಾರಿಸುತ್ತಿದ್ದರು. ಕೆಲಸದ ನಡುವೆ ಆ ಕರೆ ಬಂದಾಗ ನನಗೆ ಸಿಡುಕು ಬರುತ್ತಿತ್ತು. ಅದನ್ನು ಈಗ ಒಪ್ಪಿಕೊಳ್ಳಬೇಕು.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಫೋನ್ ಬಂತು. ಸಂಜೆಯೊಳಗೆ ಕೊಡಬೇಕಾದ ಪತ್ರವೊಂದು ಮುಂದಿತ್ತು.

“ಮೋಳೇ, ನಂಗೆ ಬೆನ್ನು ನೋವ್ತಾ ಉಂಟು. ಭುಜದ ಹಲಗೆಯ ನಡುವೆ. ಚೆಂಡು ಇಟ್ಟೆ, ಮಲಗಿ ನೋಡಿದೆ. ಎಂತ ಮಾಡಿದ್ರೂ ಕಮ್ಮಿ ಆಗುದಿಲ್ಲ. ಬೆವರು ಸಹ ಬರ್ತದೆ.”

“ಉಪ್ಪು ಬಿಸಿ ಮಾಡಿ ಇಟ್ಕೊಳ್ಳಿ ಚೇಚಿ. ಸಂಜೆ ಬರ್ತೇನೆ.”

“ಸಂಜೆಯಾ? ಆಯ್ತು. ನಿಂಗೆ ಕೆಲಸ ಉಂಟಲ್ಲ.”

ನಮ್ಮ ನಡುವೆ ಇದ್ದದ್ದು ಹದಿನೆಂಟು ಮೆಟ್ಟಿಲು.

ಮೂರು ಗಂಟೆಗೆ ಅವರ ಮನೆಗೆಲಸದವಳು, ಬಾಗಿಲು ತೆರೆಯುತ್ತಿಲ್ಲ ಎಂದು ನನ್ನನ್ನು ಕರೆದಳು. ನನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ತೆರೆದೆವು. ಚೇಚಿ ಕುರ್ಚಿಯಲ್ಲಿ ಕೂತೇ ಇದ್ದರು. ತೊಡೆಯ ಮೇಲಿನ ಉಪ್ಪಿನ ಗಂಟು ತಣ್ಣಗಾಗಿತ್ತು. ಅವರ ಕೈಯೂ.

ಹೃದಯಾಘಾತ ಎಂದರು ಆಸ್ಪತ್ರೆಯ ವೈದ್ಯೆ. ಹೆಂಗಸರಿಗೆ ಅದು ಎಷ್ಟೋ ಸಲ ಬೆನ್ನುನೋವಾಗಿಯೇ ಬರುತ್ತದೆ, ಹೇಗೆ ತಿರುಗಿದರೂ ಕಡಿಮೆಯಾಗದೆ ಬೆವರು ಬಂದರೆ ಮನೆಮದ್ದು ಮಾಡುತ್ತ ಕೂರಬಾರದು, ಕೂಡಲೇ ಕರೆತರಬೇಕು ಎಂದರು. ನಾನು ತಲೆಯಾಡಿಸಿದೆ.

ರಾತ್ರಿ ಬಂದ ಚೇಚಿಯ ತಮ್ಮ ಕೇಳಿದ್ದು ಒಂದೇ. “ಅಕ್ಕ ಎಂತಾದ್ರೂ ಹೇಳಿದ್ಲಾ?”

“ಇಲ್ಲ” ಎಂದೆ.

ಆ ಸುಳ್ಳನ್ನು ಎಂಟು ತಿಂಗಳು ಇಟ್ಟುಕೊಂಡಿದ್ದೆ. ಕಳೆದ ತಿಂಗಳು ತಿರುವನಂತಪುರದ ರೈಲು ಹತ್ತಿ ಆ ತಮ್ಮನ ಮನೆಗೆ ಹೋದೆ. ಚಹಾ ಬಂತು. ಬೆವರಿನ ಮಾತನ್ನೂ ಬಿಡದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಂಗೆ ಗೊತ್ತಿತ್ತು. ಅವಳ ಫೋನಲ್ಲಿ ನಿಮ್ಮ ನಂಬರ್ ನೋಡಿದ್ದೆ. ಅದಕ್ಕಿಂತ ಮೊದಲು ನಂಗೆ ಮಾಡಿದ್ದಳು, ಎರಡು ಸಲ. ಮೀಟಿಂಗಲ್ಲಿದ್ದೆ, ತೆಗೆಯಲಿಲ್ಲ. ನೀವು ತೆಗೆದಿರಿ. ಯಾರಾದರೂ ಒಬ್ಬರ ಸ್ವರ ಕೇಳಿದಳಲ್ಲ.”

ಸಮಾಧಾನಕ್ಕೆಂದೇ ಹೇಳಿದ ಮಾತು. ನಾನು ಚಹಾ ಮುಗಿಸಲಾರದೆ ಎದ್ದು ಬಂದೆ.