ಉಪ್ಪು ಕಮ್ಮಿ ಎನ್ನದ ಹತ್ತು ಹೆಂಗಸರು

ನನ್ನ ತರಗತಿಯ ಬಾಗಿಲಲ್ಲಿ ಇಬ್ಬರು ಹೆಂಗಸರು ಜೊತೆಯಾಗಿ ಹಾಯಬಹುದು. ಆದರೂ ಹತ್ತು ಮಂದಿ ಒಳಗೆ ಬರಲು ಹತ್ತು ನಿಮಿಷ ಬೇಕು. “ನೀವು ಮೊದಲು.” “ಅಯ್ಯೋ, ನೀವಿರುವಾಗ ನಾನಾ?” “ನಿಮ್ಮ ತಲೆಯಾಣೆ, ನಾನು ಹೆಜ್ಜೆ ಇಡಲ್ಲ.” ಇರಾನಿನ ಯಜ್ದ್ ಸೀಮೆಯ ನಮ್ಮ ತಾಫ್ತ್ ಊರಿನಲ್ಲಿ ಹಿರಿಯಳನ್ನು ಹಿಂದೆ ಬಿಟ್ಟು ಹೊಸ್ತಿಲು ದಾಟುವುದಕ್ಕಿಂತ ಪಾಠವನ್ನೇ ಬಿಡುವುದು ಮೇಲು. ನಾನು ಇಫ್ಫತ್; ನನ್ನ ಹೆಂಗಸರ ಬಾಯಲ್ಲಿ ‘ಖಾನಂ’, ಅಂದರೆ ಅಮ್ಮಾವ್ರು. ಓದು ಬಾರದ ಹೆಂಗಸರಿಗೆ ಇಪ್ಪತ್ತೆರಡು ವರ್ಷದಿಂದ ಅಕ್ಷರ ಕಲಿಸುತ್ತಿದ್ದೇನೆ. ಆ ಹತ್ತು ನಿಮಿಷದಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸುವುದು ನನ್ನ ರೂಢಿ.

ದಾಳಿಂಬೆ ಕೊಯ್ಲಿನ ಕಾಲದಲ್ಲಿ ಒಂದು ಬೆಳಿಗ್ಗೆ ಆ ಹತ್ತು ಮಂದಿಯ ಹಿಂದೆ ಹನ್ನೊಂದನೆಯವಳೊಬ್ಬಳು ನಿಂತಿದ್ದಳು. ಎಲ್ಲರಿಗೂ “ನೀವು ಮೊದಲು” ಎನ್ನುತ್ತ ಕೊನೆಗೆ ಒಳಬಂದಾಗ ಪಾಠದ ಹೊತ್ತಿನ ಕಾಲುಭಾಗ ಹೋಗಿತ್ತು. ಅವಳೇ ನಸ್ತರನ್. ಯಜ್ದ್‌ನಲ್ಲಿ ಕಲ್ಲುಸಕ್ಕರೆ ಮಾಡುವವರ ಮಗಳು, ಇಪ್ಪತ್ತು ವರ್ಷ, ಕಿವಿ ಸದಾ ಕೆಂಪು. ಶಿಕ್ಷಕಿಯಾಗುವ ತರಬೇತಿಯ ಕೊನೆಯ ನಾಲ್ಕು ವಾರ ನನ್ನ ಕೈಕೆಳಗೆ ಪಾಠ ಮಾಡಬೇಕಿತ್ತು. ಹಿಂದೊಮ್ಮೆ ಬೇರೆ ಶಾಲೆಯಲ್ಲಿ ಪರೀಕ್ಷಕಿಯ ಮುಂದೆ ಬಾಯಿ ಕಟ್ಟಿ ನಿಂತು ನಪಾಸಾಗಿದ್ದಳು. ಈ ಸಲವೂ ನಪಾಸಾದರೆ ಅವಳು ಮೇಷ್ಟ್ರ ಕೆಲಸದ ಆಸೆ ಬಿಡಬೇಕು; ಸೋದರತ್ತೆ ತನ್ನ ಹೊಲಿಗೆ ಅಂಗಡಿಯಲ್ಲಿ ಯಂತ್ರಕ್ಕೆ ಎಣ್ಣೆ ಹಾಕಿ ಕಾಯುತ್ತಿದ್ದಳು.

ನಸ್ತರನ್ ಮೂಗಿಗೆ ಕವಡೆ ಕಟ್ಟಿಕೊಂಡು ದುಡಿದಳು. ರಾತ್ರಿಯೆಲ್ಲ ರಟ್ಟು ಕತ್ತರಿಸಿ ಬಸ್ಸಿನ ಫಲಕಗಳನ್ನೂ ಔಷಧಿ ಚೀಟಿಗಳನ್ನೂ ಬರೆದು ತರುತ್ತಿದ್ದಳು. ಪ್ರತಿ ಪಾಠದ ಕೊನೆಗೆ ಒಂದೇ ಪ್ರಶ್ನೆ: “ಅರ್ಥವಾಯಿತೇ?”

“ನಿನ್ನ ಬಾಯಿಗೆ ಬೆಲ್ಲ ಬೀಳಲಿ ಮಗಳೇ, ಹಾಲು ಕುಡಿದಷ್ಟು ಸಲೀಸು!” ಎಂದು ಹತ್ತೂ ಜನ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಆಡಿಸುತ್ತಿದ್ದವಳು ಕೋಕಬ್ ಅಜ್ಜಿ. ವಯಸ್ಸು ಎಪ್ಪತ್ತು, ನನ್ನ ತರಗತಿಯಲ್ಲಿ ಇದು ಮೂರನೆಯ ವರ್ಷ. ಹುಡುಗಿಯ ಮುಖ ಅರಳುತ್ತಿತ್ತು. ನಾನೂ ಹಿಂದಿನ ಬೆಂಚಿನಲ್ಲಿ ಕೂತು ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದೆ.

ನಾಲ್ಕನೆಯ ವಾರದ ಮೊದಲ ದಿನ ಕೋಕಬ್ ಅಜ್ಜಿ ಬರಲಿಲ್ಲ. ಮರುದಿನ ಬಂದಳು, ತಲೆಯಿಂದ ಕಾಲಿನವರೆಗೆ ಹೊದ್ದ ಚಾದರದ ಅಂಚೆಲ್ಲ ಧೂಳು. ಮೆಹ್ರೀಜ್‌ನಲ್ಲಿರುವ ತಂಗಿಗೆ ಒಂದು ಬುಟ್ಟಿ ದಾಳಿಂಬೆ ಕೊಡಲು ಹೊರಟವಳು ಯಜ್ದ್‌ನ ನಿಲ್ದಾಣದಲ್ಲಿ ಅರ್ದಕಾನ್ ಬಸ್ಸು ಹತ್ತಿದ್ದಳು. ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. ‘ಈಗ ನಾನು ಓದಬಲ್ಲೆ’ ಎಂದು ಓಣಿಗೆಲ್ಲ ಸಾರಿದ್ದರಿಂದ ಯಾರನ್ನೂ ಕೇಳಲು ಬಾಯಿ ಬರಲಿಲ್ಲವಂತೆ. ದಾಳಿಂಬೆಯೆಲ್ಲ ಬಸ್ಸಿನವರ ಹೊಟ್ಟೆ ಸೇರಿತು.

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಸ್ತರನ್ ಮಾತ್ರ ನಗಲಿಲ್ಲ.

“ಅಜ್ಜಿ, ಮೆಹ್ರೀಜ್ ಫಲಕ ಹೋದ ವಾರ ತಾನೆ ಓದಿದ್ವಿ. ಅರ್ಥ ಆಯ್ತು ಅಂದ್ರಲ್ಲ?”

“ಅಂದೆ ಕಣವ್ವ. ನೀನು ಗಂಟಲು ಹರ್ಕೊಂಡು ಹೇಳ್ತಿದ್ದೀಯ. ಆಗ್ಲಿಲ್ಲ ಅಂದ್ರೆ ನಿನ್ನ ಮುಖಕ್ಕೆ ಹೊಡ್ದ ಹಾಗಲ್ವಾ? ಬಡಿಸಿದೋಳ ಎದುರಿಗೆ ಉಪ್ಪು ಕಮ್ಮಿ ಅಂತ ಯಾರಾದ್ರೂ ಅಂತಾರಾ?”

“ಉಳಿದವರು?” ಹುಡುಗಿ ಸುತ್ತ ನೋಡಿದಳು. ಒಂಬತ್ತು ಚಾದರಗಳು ಮೂಗಿನ ತನಕ ಬಂದವು.

ಮೂರು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಪರೀಕ್ಷಕಿ ಸರ್ವರಿ ಖಾನಂ ಬರಲು ಮೂರು ದಿನವಿತ್ತು. ಅವರು ಹುಡುಗಿಯ ಪಾಠವನ್ನಷ್ಟೇ ಕೇಳುವವರಲ್ಲ, ಕಲಿಯುವವರನ್ನು ಎಬ್ಬಿಸಿ ಓದಿಸುವವರು. “ಸೋದರತ್ತೆಗೆ ಹೇಳಿಕಳಿಸ್ತೀನಿ ಖಾನಂ” ಎಂದಳು ನಸ್ತರನ್, ಸುಣ್ಣದಕಡ್ಡಿ ಕೆಳಗಿಟ್ಟು. ನನಗೆ ರೇಗಿತು. “ಮೊದಲು ಚಹಾ ಕುಡಿ. ಅಳೋದಿದ್ರೆ ಆಮೇಲೆ ಅಳು” ಎಂದೆ.

ನಮ್ಮಲ್ಲಿ ದಿನಕ್ಕೊಬ್ಬಳು ಚಹಾ ತರುವ ಸರದಿ. ಅಂದು ಬತೂಲ್‌ಳದು. ಕರಿದು ಸಕ್ಕರೆಯಲ್ಲಿ ಹೊರಳಿಸಿದ ಕುತ್ತಾಬ್ ತಂದಿದ್ದಳು. ಬಾಗಿಲಲ್ಲಿ ಎಲ್ಲರಿಗಿಂತ ಹಿಂದೆ ಮುದುಡಿ ನಿಲ್ಲುವ ಬತೂಲ್ ತಟ್ಟೆ ಕೈಗೆ ಬಂದದ್ದೇ ಊರಗೌಡತಿಯಾದಳು. “ಕೂತ್ಕೊಳ್ಳಿ! ಇನ್ನೊಂದು ತಗೊಳ್ಳಿ! ಅಯ್ಯೋ, ಇವತ್ತು ಚೆನ್ನಾಗಾಗಿಲ್ಲ ಕಣ್ರೀ, ಏಲಕ್ಕಿ ಮರ್ತೆ, ಒಂದು ಕಡೆ ಸೀದಿದೆ.” ಉಳಿದವರು ತಕ್ಷಣ ಮೇಲೆ ಬಿದ್ದರು: “ಎಣ್ಣೆ ಸ್ವಲ್ಪ ಆರಬೇಕಿತ್ತು ಅಷ್ಟೇ, ನಾಳೆ ನಮ್ಮನೆಗೆ ಬಾ, ತೋರಿಸ್ತೀನಿ.”

ನಸ್ತರನ್ ಕುತ್ತಾಬ್ ಕಚ್ಚಿದವಳು ಅಗಿಯುವುದನ್ನೇ ಮರೆತಳು. ಅವಳ ಕಿವಿ ಇನ್ನಷ್ಟು ಕೆಂಪಾದದ್ದನ್ನು ನಾನು ನೋಡಿದೆ.

“ಖಾನಂ, ತಿನ್ನೋರು ಉಪ್ಪು ಕಮ್ಮಿ ಅನ್ನಲ್ಲ. ಆದ್ರೆ ಅಡುಗೆ ಮಾಡಿದೋಳು ಅಂತಾಳೆ.”

“ಅದಕ್ಕೇನೀಗ?” ಎಂದೆ. ನನ್ನ ಬುದ್ಧಿ ಅಷ್ಟೇ.

ಮೂರನೆಯ ದಿನ ಸರ್ವರಿ ಖಾನಂ ಬಂದರು. ಅವರಿಗೂ “ನೀವು ಮೊದಲು” ನಡೆದು, ಅವರು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಚಹಾ ತಣ್ಣಗಾಯಿತು. ಕನ್ನಡಕ ಏರಿಸಿ ಪೆನ್ನು ತೆಗೆದರು. ನಸ್ತರನ್ ಹಲಗೆಯ ಹತ್ತಿರ ಹೋಗಲೇ ಇಲ್ಲ. ಹೆಂಗಸರ ನಡುವೆ ಬೆಂಚಿನಲ್ಲಿ ಕೂತಳು. ಮತ್ತೆ ಬಾಯಿ ಕಟ್ಟಿತು, ಮುಗಿಯಿತು ಎಂದುಕೊಂಡೆ!

“ಇವತ್ತು ಕೋಕಬ್ ಅಜ್ಜಿ ಮನೆಯೊಡತಿ. ನಾವೆಲ್ಲ ನೆಂಟರು. ಅಜ್ಜಿ, ನಮಗೆಲ್ಲ ಹಸಿವು, ಬಡಿಸಿ” ಎಂದಳು. ಈ ಸಲ ಮಾತು ಹೊರಗೆ ಬಂತು.

ಕೋಕಬ್ ಅಜ್ಜಿ ಎದ್ದಳು. ಯಾರಿಗೂ “ನೀವು ಮೊದಲು” ಎನ್ನಲಿಲ್ಲ, ಮನೆಯೊಡತಿ ಹಾಗೆನ್ನುವುದುಂಟೇ? ಚಾದರವನ್ನು ಸೊಂಟಕ್ಕೆ ಬಿಗಿದು ಸುಣ್ಣದಕಡ್ಡಿ ಹಿಡಿದು ‘ತಾಫ್ತ್’ ಎಂದು ಬರೆದಳು. ‘ಯಜ್ದ್’ ಎಂದು ಬರೆದಳು. ‘ಮೆಹ್ರೀಜ್’ ಅರ್ಧಕ್ಕೆ ನಿಂತಿತು.

ಅಜ್ಜಿ ಅತಿಥಿಗಳತ್ತ ತಿರುಗಿದಳು. “ತಪ್ಪು ತಿಳ್ಕೋಬೇಡಿ. ಎರಡು ಬೆಂದಿದೆ. ಇದು ಇಲ್ಲಿಂದೀಚೆಗೆ ಹಸಿ.”

ಅಷ್ಟು ಕೇಳಿದ್ದೇ ತಡ, ನೆಂಟರು ಅಡುಗೆಮನೆಗೆ ನುಗ್ಗಿದರು. “ಬಿಡಿ ಅಜ್ಜಿ, ನಾನು ಕೈ ಹಾಕ್ತೀನಿ.” “ನಂದೂ ಅದೇ ಕಡೆ ಸೀಯುತ್ತೆ, ಮಗಾ ನಸ್ತರನ್, ಇನ್ನೊಂದ್ಸಲ ಹೇಳೇ!” ಹುಡುಗಿ ಎದ್ದು ಹೋಗಿ, ಕೇಳಿದ್ದನ್ನಷ್ಟೇ, ಕೇಳಿದವಳಿಗೆ ಹೇಳಿಕೊಟ್ಟಳು. ಸರದಿಯ ಮೇಲೆ ಒಬ್ಬೊಬ್ಬಳೂ ಬಡಿಸಿದಳು. ಪರೀಕ್ಷಕಿ ಎಬ್ಬಿಸುವ ಮೊದಲೇ ಹತ್ತೂ ಜನ ಓದಿದ್ದರು. ಕೊನೆಗೆ ಕೋಕಬ್ ಅಜ್ಜಿ ಪೂರ್ತಿ ‘ಮೆಹ್ರೀಜ್’ ಬರೆದು, ಹಲಗೆಗೆ ಒಂದು ಗುದ್ದು ಕೊಟ್ಟು, “ಈ ಬಸ್ಸು ನನ್ನ ತಂಗಿ ಮನೆಗೆ!” ಎಂದು ಕೂಗಿದಳು. ನನಗೆ ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ.

ಸರ್ವರಿ ಖಾನಂ ಪೆನ್ನು ಮುಚ್ಚಿದರು. “ಪಾಠ ಚೆನ್ನಾಗಿತ್ತು. ನಾಲ್ಕು ವಾರದಲ್ಲಿ ಎಲ್ಲಿ ಕಮ್ಮಿ ಬಿತ್ತು, ನೀವೇ ಹೇಳಿ.”

“ಮೊದಲ ಮೂರು ವಾರ ನನ್ನ ಪಾಠ ಹಸಿ ಖಾನಂ. ಅರ್ಥವಾಯಿತೇ ಅಂತ ಕೇಳ್ತಿದ್ದೆ, ಅವರು ಹೊಗಳಿದ್ದನ್ನ ನಂಬ್ತಿದ್ದೆ” ಎಂದಳು ನಸ್ತರನ್.

ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ಉಳಿದ ಒಂದು ಅಂಕ ದೇವರಿಗೆ ಮೀಸಲಂತೆ. ಬತೂಲ್ ಹುಡುಗಿಯ ತಲೆಯ ಮೇಲೆ ಹಿಡಿ ಸಕ್ಕರೆಮಿಠಾಯಿ ತೂರಿದಳು, ಮದುಮಗಳಿಗೆ ತೂರುವ ಹಾಗೆ. ಸೋದರತ್ತೆಯ ಹೊಲಿಗೆ ಯಂತ್ರ ಬೇರೆ ಯಾರಿಗೋ ಸಿಕ್ಕಿರಬೇಕು.

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ನೋಡುವುದು ಎನ್ನುತ್ತಾರಲ್ಲ, ಆ ಜಾತಿ ನನ್ನದು. ಉಳಿದವರು ಹೋದ ಮೇಲೆ ಕೋಕಬ್ ಅಜ್ಜಿಯನ್ನು ತಡೆದು ನಿಲ್ಲಿಸಿದೆ. “ಮೂರು ವರ್ಷ ನಾನೂ ದಿನಾ ಅರ್ಥವಾಯಿತೇ ಅಂತ ಕೇಳಿದೀನಿ. ನನ್ನ ಪಾಠ ಹೇಗಿತ್ತು?”

“ನಿಮ್ದಾ ಖಾನಂ? ಬೆರಳು ಚೀಪೋ ಹಾಗಿತ್ತು!”

ನಾನು ಸುಣ್ಣದಕಡ್ಡಿಯ ಡಬ್ಬಿಯನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದೆ. “ತಪ್ಪು ತಿಳ್ಕೋಬೇಡಿ. ಹಸಿ ಉಳಿದಿತ್ತೇನೋ.”

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ತಾಯಿಯಂತೆ ನನ್ನ ಕೆನ್ನೆ ತಟ್ಟಿದಳು.

“ಸ್ವಲ್ಪ ಹಸಿ ಖಾನಂ. ನಾಳೆ ಬನ್ನಿ, ಜೊತೇಲಿ ಬೇಯಿಸೋಣ.” ಬಾಗಿಲಿಗೆ ಬಂದೆವು. ಅಜ್ಜಿ ಪಕ್ಕಕ್ಕೆ ಸರಿದಳು. “ನೀವು ಮೊದಲು.”