ಬೆಲ್ಲದ ಲಾರಿಯೂ ಬುಡೇನ್ ಸಾಬರ ಸಾಕ್ಷಿಯೂ

ರಾಜ್ಯಗಳು ಒಂದಾಗಿ ಹೊಸ ಮೈಸೂರು ರಾಜ್ಯವಾದ ಮೇಲೆ ಬಂದ ಮೊದಲ ಸಂಕ್ರಾಂತಿ, ಅಂದರೆ ೧೯೫೭ರ ಜನವರಿ. ಹಬ್ಬಕ್ಕೆ ಇನ್ನೂ ನಾಲ್ಕೈದು ದಿನವಿತ್ತು. ಚಾಮರಾಜನಗರದ ಲಾರಿ ಸ್ಟ್ಯಾಂಡಿನಲ್ಲಿ ನಾನು ಮೊದಲ ಸಲ, ಪಕ್ಕದಲ್ಲಿ ಉಸ್ತಾದರಿಲ್ಲದೆ, ಒಬ್ಬನೇ ಸ್ಟೇರಿಂಗಿನ ಮುಂದೆ ಕುಳಿತೆ.

ನಾನು ಲಾರಿಗೆ ಬಂದದ್ದೇ ಒಂದು ವಾದದಿಂದ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಚರ್ಚಾಕೂಟದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಪರ ಮಾತನಾಡಬೇಕೋ ವಿರುದ್ಧ ಮಾತನಾಡಬೇಕೋ ಎಂದು ಚೀಟಿ ಎತ್ತುತ್ತಿದ್ದೆವು. ಯಾವುದು ಬಂದರೂ ಗೆಲ್ಲುತ್ತಿದ್ದೆ. ಓದು ಮುಗಿಸಿ ಕುದೇರಿಗೆ ಬಂದು ಮನೆಯಲ್ಲಿ ಕುಳಿತಾಗ ನಮ್ಮಪ್ಪ, "ಮೇಷ್ಟ್ರು ಕೆಲ್ಸಕ್ಕೆ ಅರ್ಜಿ ಆಕ್ಲಾ" ಎಂದರು. ಕುರ್ಚಿಯ ಕೆಲಸಕ್ಕಿಂತ ಚಕ್ರದ ಕೆಲಸ ಯಾಕೆ ಮೇಲು ಎಂದು ನಾನು ಊಟ ಮುಗಿಯುವವರೆಗೆ ವಾದಿಸಿದೆ. ಅಪ್ಪ ಕೈ ತೊಳೆದು, "ಆಯ್ತಪ್ಪ, ಓಗು, ಲಾರಿನೇ ಓಡ್ಸೋಗು. ಅದೂ ಕೈ ಬುಟ್ರೆ ಮುಚ್ಕಂಡು ವಲಕ್ಕೆ ಬಾ" ಎಂದರು. ಗೆದ್ದ ಮೇಲೆ ಹೋಗದೆ ವಿಧಿಯಿರಲಿಲ್ಲ.

ನನಗೆ ಗಾಡಿ ಕಲಿಸಿದವರು ಬುಡೇನ್ ಸಾಬರು. ಗುಂಡ್ಲುಪೇಟೆಯವರು. ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಬಂಡೀಪುರದ ಕಾಡು ದಾಟಿ ಊಟಿಗೆ ಹೋಗುವ ಟ್ರಿಪ್ಪು ಅಂದರೆ ಅವರದೇ. ನಮ್ಮ ಸಾಹುಕಾರರಿಗೆ ಎರಡು ಲಾರಿ. ಹೊಸದನ್ನು ಉಸ್ತಾದ್ ಓಡಿಸುತ್ತಿದ್ದರು. ಯುದ್ಧದ ಕಾಲದ ಹಳೆಯದರಲ್ಲಿ ನಾನು ಕಲಿತೆ. ಒಂದೂವರೆ ವರ್ಷ ಗಾಡಿ ತೊಳೆದೆ, ಎಂಜಿನ್ ಚಾಲು ಮಾಡುವ ಹ್ಯಾಂಡಲ್ ತಿರುಗಿಸಿ ಭುಜ ಬಾತುಕೊಂಡಿತು, ಆಮೇಲೆ ಲೈಸೆನ್ಸು ಬಂತು. ಉಸ್ತಾದರಿಗೆ ನನ್ನ ಮೇಲೆ ಪ್ರೀತಿ, ನನ್ನ ಬಾಯಿಯ ಮೇಲೆ ಸಿಟ್ಟು. ನನಗೆ "ಲಾಯರಿ" ಎಂದು ಹೆಸರಿಟ್ಟವರೂ ಅವರೇ.

ಅವರು ಬಹಳ ನಂಬಿಕೆಯ ಮನುಷ್ಯ. ದರ್ಗಾದ ಮುಂದೆ ಗಾಡಿ ನಿಧಾನ ಮಾಡುತ್ತಿದ್ದರು, ಮಾರಮ್ಮನ ಗುಡಿಯ ಮುಂದೆಯೂ ನಿಧಾನ ಮಾಡುತ್ತಿದ್ದರು. ಬೆಕ್ಕು ಅಡ್ಡ ಬಂದರೆ ಎಂಜಿನ್ ನಿಲ್ಲಿಸಿ ಒಂದು ಬೀಡಿ ಸೇದುತ್ತಿದ್ದರು. "ಬೆಕ್ಕಿಗೂ ನಮ್ಮ ಲಾರಿ ಅಡ್ಡ ಬಂತಲ್ಲ ಉಸ್ತಾದ್, ಅದು ಯಾವ ಬೀಡಿ ಸೇದ್ಬೇಕು?" ಎಂದು ನಾನು ಕೇಳುತ್ತಿದ್ದೆ. "ನಿನ್ ನಾಲ್ಗೆಗೊಂದು ಬ್ರೇಕ್ ಆಕ್ಸು ಮೊದ್ಲು" ಎನ್ನುತ್ತಿದ್ದರು.

ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಡ್ರೈವರ್ ಒಬ್ಬನೇ ಹೊರಡುವ ದಿನ, ಕಲಿಸಿದ ಉಸ್ತಾದನೇ ತನ್ನ ಕೈಯಾರೆ ಮುಂದಿನ ಎರಡು ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಡಬೇಕು. ಹೊಸಬ ಅದರ ಮೇಲೆ ಗಾಡಿ ಹಾಯಿಸಿ, ತಿರುಗಿ ನೋಡದೆ ಹೋಗಬೇಕು. ಆ ಬೆಳಿಗ್ಗೆ ಚಂದಕವಾಡಿ ಕಡೆಯ ಆಲೆಮನೆಗಳ ಬೆಲ್ಲ ತುಂಬಿಯಾಗಿತ್ತು. ಗುಂಡ್ಲುಪೇಟೆಯ ಮಂಡಿಗೆ ಹೋಗಬೇಕಾದ ಹಬ್ಬದ ಬೆಲ್ಲ. ಹಮಾಲಿ ಸಿದ್ದಯ್ಯ ಮೂಟೆಗಳ ಮೇಲೆ ಏರಿ ಕುಳಿತಿದ್ದ. ಉಸ್ತಾದ್ "ಬಿಸ್ಮಿಲ್ಲಾ" ಎಂದು ಬಗ್ಗಿ ನಿಂಬೆಹಣ್ಣು ಇಟ್ಟರು. ನಾನು ಕೆಳಗಿಳಿದು ಎರಡನ್ನೂ ಎತ್ತಿಕೊಂಡೆ.

"ಉಸ್ತಾದ್, ಒಂದು ಪ್ರಶ್ನೆ. ನಿಂಬೆಹಣ್ಣು ಗಾಡಿ ಕಾಯ್ತದೆ ಅಂದ್ರೆ ಬ್ರೇಕ್ ಯಾಕೆ? ಬ್ರೇಕ್ ಕಾಯ್ತದೆ ಅಂದ್ರೆ ನಿಂಬೆಹಣ್ಣು ಯಾಕೆ?"

ಸುತ್ತ ನಿಂತಿದ್ದವರು ನಕ್ಕರು. ಉಸ್ತಾದ್ ನಗಲಿಲ್ಲ. ಅವರ ಮುಖ ಸಣ್ಣದಾಯಿತು. "ಎರಡೂ ಇರ್ಲಿ ಕಣ್ಲಾ. ಮಡಗು ಅಲ್ಲಿ" ಎಂದರು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. ನಾನು ನಿಂಬೆಹಣ್ಣುಗಳನ್ನು ಜೇಬಿಗೆ ಹಾಕಿಕೊಂಡೆ. "ಬಿಸಿಲಿಗೆ ಶರಬತ್ತಾಯ್ತದೆ" ಎಂದೆ. ಮೇಲಿಂದ ಸಿದ್ದಯ್ಯ, "ಲೋ ಲಾಯರಿ, ನಾನೂ ಇದೇ ಗಾಡೀಲಿ ಕೂತಿವ್ನಿ ಕಣ್ಲಾ, ನನ್ ಪಾಲಿನ್ದಾದ್ರೂ ಮಡಗ್ಲಾ!" ಎಂದು ಕೂಗಿದ.

ಗಾಡಿ ಹೊರಟಾಗ ಉಸ್ತಾದ್ ಕಿಟಕಿಯ ಜೊತೆಜೊತೆಗೇ ನಾಲ್ಕು ಹೆಜ್ಜೆ ಓಡಿ ಬಂದರು. "ಕೆರೆ ಏರಿ ಮ್ಯಾಲೆ ಮೆಲ್ಲಕ್ಕೆ. ಗೇರಲ್ಲೇ ಇಳ್ಸು. ಬ್ರೇಕ್ ನಂಬ್ಕಬ್ಯಾಡ" ಎಂದರು. ಹಿರಿಯರು ಹೇಳುವ ಮಾಮೂಲು ಮಾತು ಎಂದುಕೊಂಡೆ. ಆ ಹಳೆಯ ಗಾಡಿಯ ಬ್ರೇಕನ್ನು ಎರಡು ಸಲ ತುಳಿಯಬೇಕು ಎಂಬುದು ನನಗೆ ಗೊತ್ತೇ ಇತ್ತು. ಅದೊಂದರಲ್ಲೇ ಕಲಿತವನಾದ್ದರಿಂದ, ಲಾರಿಗಳ ಗುಣವೇ ಅದು ಎಂದು ತಿಳಿದಿದ್ದೆ.

ತೆರಕಣಾಂಬಿ ದಾಟಿದ ಮೇಲೆ ಒಂದು ಕೆರೆ ಏರಿ ಸಿಗುತ್ತದೆ. ರಸ್ತೆ ಇಳಿಜಾರಾಗಿ ಬಂದು, ತಿರುಗಿ, ಏರಿಯ ಮೇಲೆ ಹತ್ತುತ್ತದೆ. ತಿರುವಿನಲ್ಲಿ ನೋಡುತ್ತೇನೆ, ಸಂತೆಗೆ ಹೊರಟ ಎತ್ತಿನ ಗಾಡಿಗಳ ಸಾಲು. ಗಾಡಿಗಳ ಪಕ್ಕದಲ್ಲಿ ಕುಕ್ಕೆ ಹೊತ್ತ ಹೆಂಗಸರು. ಬ್ರೇಕ್ ತುಳಿದೆ. ಕಾಲು ನೆಲಕ್ಕೆ ಹೋಯಿತು. ಮತ್ತೆ ತುಳಿದೆ, ಮತ್ತೆ ನೆಲ. ಗೇರು ಇಳಿಸಿದೆ, ಕೈಬ್ರೇಕ್ ಎಳೆದೆ. ವೇಗ ತಗ್ಗಿತು, ಗಾಡಿ ನಿಲ್ಲಲಿಲ್ಲ. ಒಂದು ಕಡೆ ಜನ, ಇನ್ನೊಂದು ಕಡೆ ನೀರು. ನಾನು ಸ್ಟೇರಿಂಗನ್ನು ನೀರಿನ ಕಡೆಗೆ ತಿರುಗಿಸಿದೆ.

ಲಾರಿ ಏರಿಯ ಕಲ್ಲುಗಳ ಮೇಲೆ ಜಾರಿ, ಮೂತಿಯನ್ನು ಕೆರೆಗೆ ಅದ್ದಿ, ಕೆಸರಿನಲ್ಲಿ ಕಚ್ಚಿ ನಿಂತಿತು. ಹಗ್ಗ ಹರಿದು ಮೂಟೆಗಳು ಧೊಪ್ಪ ಧೊಪ್ಪನೆ ನೀರಿಗೆ ಬಿದ್ದವು. ಜೊತೆಗೆ ಸಿದ್ದಯ್ಯನೂ. ಅವನು ಎದೆಮಟ್ಟದ ನೀರಿನಲ್ಲಿ ಎದ್ದು ನಿಂತು, ಬಾಯಿಗೆ ಹೋದ ನೀರನ್ನು ಉಗಿದು, ಮೊದಲು ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ: "ನಿಂಬೆಣ್ಣು ಜೇಬಿಗಾಕಂಡೆ, ಬೆಲ್ಲವ ಕೆರೆಗಾಕ್ದೆ. ಇನ್ನೇನ್ಲಾ, ಪಾನಕ ಆಯ್ತಲ್ಲ, ಎಲ್ರಿಗೂ ಬಡ್ಸು!"

ಸಂತೆಯ ಜನ ಸಂತೆ ಮರೆತು ಕೆರೆಗಿಳಿದರು. ಒಬ್ಬ ಅಜ್ಜಿ ನನ್ನ ಮೈ ಕೈ ಮುಟ್ಟಿ ನೋಡಿ, "ನಮ್ಮ ಮ್ಯಾಲೆ ಹತ್ತುಸ್ದಂಗೆ ನೀರ್ಗೆ ಓದಲ್ಲೋ ನನ್ನಪ್ಪ, ನಿನ್ ವಟ್ಟೆ ತಣ್ಗಿರ್ಲಿ" ಎಂದಳು. ಅರ್ಧದಷ್ಟು ಮೂಟೆ ಮೇಲೆ ಬಂತು. ಉಳಿದದ್ದು ಕರಗಿತು. ಆ ಹಬ್ಬಕ್ಕೆ ಆ ಊರಿನ ಎಮ್ಮೆಗಳು ಸಿಹಿನೀರು ಕುಡಿದವು. ನಾನು ಏರಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಕುಳಿತಾಗ ಜೇಬಿನಲ್ಲಿ ಏನೋ ಒತ್ತಿತು. ಎರಡೂ ನಿಂಬೆಹಣ್ಣು ಹಾಗೇ ಇದ್ದವು.

ಮಾರನೆಯ ದಿನ ಸಾಹುಕಾರರ ಮಂಡಿಯ ಜಗುಲಿಯ ಮೇಲೆ ಸ್ಟ್ಯಾಂಡಿನವರೆಲ್ಲ ಸೇರಿದರು. ಸಾಹುಕಾರರು ಎಲೆ ಅಡಿಕೆ ಮೆಲ್ಲುತ್ತ, "ಗಾಡಿ ಸರ್ಯಾಗಿತ್ತು. ಬ್ರೇಕ್ ಪೈಪು ಕೆರೆಗೆ ಬಿದ್ದೇಟಿಗೆ ಒಡೆದದ್ದು. ಉಸ್ತಾದ್ ಮಡಗಿದ ನಿಂಬೆಣ್ಣ ಎತ್ಕಂಡು ಗೇಲಿ ಮಾಡ್ದ, ಅನುಬೋಗಿಸ್ದ. ಇಂಥೋನ ಕೈಗೆ ಯಾವ ಸಾಹುಕಾರ ಗಾಡಿ ಕೊಟ್ಟಾನು?" ಎಂದರು.

ಹತ್ತು ತಲೆ ಒಟ್ಟಿಗೆ ಹೌದೆಂದವು. ಇದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಈ ಸ್ಟ್ಯಾಂಡಿನಲ್ಲಿ ಅಪಶಕುನದ ಡ್ರೈವರ್ ಎಂದು ಹೆಸರಾದರೆ ಗುಂಡ್ಲುಪೇಟೆಯಲ್ಲಿ, ನಂಜನಗೂಡಿನಲ್ಲಿ, ಎಲ್ಲಿಯೂ ಸ್ಟೇರಿಂಗು ಮುಟ್ಟಲು ಬಿಡುವುದಿಲ್ಲ. ಮೊದಲ ದಿನವೇ ನನ್ನ ಕಡೆಯ ದಿನವಾಗುತ್ತಿತ್ತು.

ಎದ್ದು ನಿಂತು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ಬ್ರೇಕ್ ಮೊದಲೇ ಹೋಗಿತ್ತು ಎಂದೆ, ಯಾರೂ ಒಪ್ಪಲಿಲ್ಲ. ನಿಂಬೆಹಣ್ಣು ಇಟ್ಟು ಹೊರಟ ಲಾರಿ ಒಂದೂ ಉರುಳಿಲ್ಲವೇ ಎಂದು ಕೇಳಿದೆ. "ಉರುಳವೆ, ಅದಕ್ಕೆ ಬೇರೆ ಕಾರ್ಣ ಇರ್ತದೆ" ಎಂದರು. ಹಾಗಾದರೆ ಇದಕ್ಕೂ ಬೇರೆ ಕಾರಣ ಯಾಕಿರಬಾರದು ಎಂದೆ. "ನೋಡಿದ್ರಾ, ಇನ್ನೂ ಬಾಯಿ ನಿಂತಿಲ್ಲ" ಎಂದರು. ಚರ್ಚಾಕೂಟದಲ್ಲಾಗಿದ್ದರೆ ಆ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಎದುರಾಳಿಗಳೇ ತೀರ್ಪುಗಾರರು. ಒಂದು ವಿಷಯ ಮಾತ್ರ ನನ್ನ ಬುದ್ಧಿಗೆ ಆಗಲೇ ಹೊಳೆದಿತ್ತು: ಆ ನಿಂಬೆಹಣ್ಣು ಗಾಡಿಯನ್ನು ಕಾಯಲಿ ಬಿಡಲಿ, ಸಾಹುಕಾರರನ್ನಂತೂ ಚೆನ್ನಾಗಿ ಕಾಯುತ್ತಿತ್ತು. ಆದರೆ ಅದನ್ನು ಸಾಬೀತು ಮಾಡುವುದು ಹೇಗೆ? ಒಡೆದ ಪೈಪು ಯಾವಾಗ ಒಡೆಯಿತು ಎಂದು ಪೈಪು ಹೇಳುವುದಿಲ್ಲ.

ಸಾಹುಕಾರರು ಕಂಬಕ್ಕೊರಗಿ ನಿಂತಿದ್ದ ಉಸ್ತಾದರ ಕಡೆ ತಿರುಗಿದರು. "ಅವಮಾನ ಆದದ್ದು ನಿಮಗೆ. ನೀವೇ ಯೋಳಿ ಸಾಬ್ರೆ."

ನಿಂಬೆಹಣ್ಣಿನ ಪರವಾಗಿ ಅವರಿಗಿಂತ ದೊಡ್ಡ ಸಾಕ್ಷಿ ಯಾರು? ಅವರು ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಅವರ ನಂಬಿಕೆ ಗೆಲ್ಲುತ್ತಿತ್ತು, ಸಾಹುಕಾರರ ಮರ್ಯಾದೆ ಉಳಿಯುತ್ತಿತ್ತು, ಎಲ್ಲರ ಮುಂದೆ ಅವರನ್ನು ಗೇಲಿ ಮಾಡಿದವನಿಗೆ ಬುದ್ಧಿ ಬರುತ್ತಿತ್ತು.

ಉಸ್ತಾದ್ ತಲೆಯ ಟೋಪಿ ಸರಿಮಾಡಿಕೊಂಡರು. "ನಿಂಬೆಣ್ಣ ಎತ್ಕಂಡದ್ದು ತೆಪ್ಪೇಯ. ನಾ ಇವತ್ತೂ ತೆಪ್ಪು ಅಂತೀನಿ. ಆದ್ರೆ ಗಾಡಿ ಕೆರೆಗೋದದ್ದು ಅದರಿಂದಲ್ಲ. ಬ್ರೇಕಿಂದ. ಪೈಪು ಸೋರ್ತಿತ್ತು. ಹಿಂದಿನ ದಿನ ನಾನೇ ಗಾಡಿ ಅಡಿಗೆ ಓಗಿ ನೋಡ್ದೆ, ಬಂದು ಸಾಹುಕಾರ್ರಿಗೆ ಯೋಳ್ದೆ. ಹಬ್ಬದ ಬೆಲ್ಲ, ಇದೊಂದು ಟ್ರಿಪ್ ಓಗ್ಲಿ ಅಂದ್ರು."

ಅದೇ ಹತ್ತು ತಲೆಗಳು ಈಗ ಸಾಹುಕಾರರ ಕಡೆ ತಿರುಗಿದವು.

"ಆಗಕ್ಕಿಲ್ಲ ಅನ್ಬೇಕಾಗಿತ್ತು ನಾನು. ಅನ್ನಲಿಲ್ಲ. ನಿಂಬೆಣ್ಣು ಮಡಗ್ತೀನಲ್ಲ, ಒಂದ್ ಟ್ರಿಪ್ ನಡೀತದೆ ಅನ್ಕಂಡೆ. ಇವ ಅದ್ನೂ ಎತ್ಕಂಡ. ಆಗ್ಲೂ ತಡೀನಿಲ್ಲ. ಉಡ್ಗ ಗಾಡಿಯ ಜನದ ಮ್ಯಾಲೆ ಬುಡ್ದೆ ನೀರ್ಗೆ ಬುಟ್ಟ. ನಾನೇ ಕೂತಿದ್ರೂ ಇಷ್ಟೇ ಮಾಡ್ತಿದ್ದೆ."

ಸಾಹುಕಾರರ ಬಾಯಿ ಮೆಲ್ಲುವುದನ್ನು ನಿಲ್ಲಿಸಿತ್ತು. "ಇಷ್ಟು ವರ್ಷ ನನ್ನ ಅನ್ನ ತಿಂದು, ನಿಮ್ಮ ಬಾಯಲ್ಲಿ ಈ ಮಾತು ಬಂತಲ್ಲ ಸಾಬ್ರೆ."

"ಬಂದದ್ದಲ್ಲ ಸಾಹುಕಾರ್ರೆ, ಇದ್ದದ್ದು."

ಗುಂಪಿನಲ್ಲಿ ಯಾರೋ, "ಅಂಗಾರೆ ಉಸ್ತಾದ್, ನಿಂಬೆಣ್ಣು ಸುಳ್ಳು ಅಂತೀರಾ?" ಎಂದು ಕೆಣಕಿದರು. ಉಸ್ತಾದ್ ಆ ಕಡೆ ತಿರುಗಿ, "ನಾ ನಂಬೋದು ಬೇರೆ, ನಾ ಕಣ್ಣಲ್ಲಿ ಕಂಡದ್ದು ಬೇರೆ. ಸಾಕ್ಷಿ ಯೋಳು ಅಂದ್ರೆ ಕಂಡದ್ದನ್ನ ಯೋಳ್ಬೇಕು ಕಣಪ್ಪ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ನಾನು ನೂರು ವೇದಿಕೆ ಹತ್ತಿದವನು. ಚೀಟಿಯಲ್ಲಿ ಬಂದ ಪಕ್ಷವನ್ನು ಗೆಲ್ಲಿಸಿಕೊಟ್ಟವನು. ತನ್ನ ಪಕ್ಷ ಗೆಲ್ಲುವ ಹೊತ್ತಿನಲ್ಲಿ, ತನಗೇ ನಷ್ಟವಾಗುವ ಮಾತನ್ನು ಬಾಯಿಬಿಟ್ಟು ಹೇಳಿದವರನ್ನು ಯಾವ ವೇದಿಕೆಯ ಮೇಲೂ ನಾನು ಕಂಡಿರಲಿಲ್ಲ.

ನಷ್ಟವೂ ಆಯಿತು. ಸಾಹುಕಾರರು ಅವರನ್ನು ಕೆಲಸದಿಂದ ಬಿಡಿಸಲಿಲ್ಲ, ಆದರೆ ಊಟಿ ಟ್ರಿಪ್ಪು ತಪ್ಪಿಸಿದರು. ಕಾಡು, ಬೆಟ್ಟ, ತಿರುವುಗಳ ದೊರೆಯಾಗಿದ್ದವರು ಸುತ್ತಲ ಊರುಗಳಿಗೆ ಇಟ್ಟಿಗೆ ಸಾಗಿಸತೊಡಗಿದರು. ನಾನು ಹೋಗಿ ಕ್ಷಮೆಯಂತೆ ಏನೋ ತೊದಲಿದೆ. "ಬುಡ್ಲಾ, ಇಟ್ಗೆ ಗಾಡೀಲಿ ಸಂಜೆ ಮನೆ ಸೇರ್ತೀನಿ. ನಮ್ಮವಳ ಸಾರು ಬಿಸಿಬಿಸಿ ಸಿಕ್ತದೆ" ಎಂದು ನಕ್ಕರು.

ಪೈಪು ಹೊಸದಾಯಿತು, ಗಾಡಿ ದುರಸ್ತಿಯಾಯಿತು. ಸ್ಟ್ಯಾಂಡಿನವರ ಬಾಯಿ ಮುಚ್ಚಿದ ಮೇಲೆ ಸಾಹುಕಾರರಿಗೆ ನನ್ನನ್ನು ಕೂರಿಸದೆ ಬೇರೆ ದಾರಿಯಿರಲಿಲ್ಲ. ಎರಡನೆಯ ಸಲದ ಆ ಮೊದಲ ದಿನ ಉಸ್ತಾದ್ ಬೆಳಿಗ್ಗೆಯೇ ಬಂದರು. ಯಾರನ್ನೂ ಕೇಳದೆ ಲಾರಿಯ ಕೆಳಗೆ ತೂರಿ, ನಾಲ್ಕೂ ಕಡೆ ನೋಡಿ, ಎದ್ದು ಮಣ್ಣು ಕೊಡವಿಕೊಂಡರು. ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ನನ್ನ ಮುಖ ನೋಡುತ್ತಿತ್ತು.

"ಏನ್ಲಾ ಲಾಯರಿ, ಮಡಗ್ಲಾ, ಬ್ಯಾಡ್ವಾ?"

"ಬ್ರೇಕ್ ನೋಡಿದ್ರಾ ಉಸ್ತಾದ್?"

"ನೋಡ್ದೆ."

"ಹಾಗಾದ್ರೆ ಬೇಡ."

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಅಲ್ಲಾ, ಈ ನನ್ಮಗ ಬದ್ಲಾಗಕ್ಕಿಲ್ಲ" ಎಂದು ಜೋರಾಗಿ ನಕ್ಕುಬಿಟ್ಟರು. ಸಿದ್ದಯ್ಯ ಚಹದಂಗಡಿಯಿಂದ ಒಂದು ಚೊಂಬು ನೀರು ತಂದ. ಬೆಲ್ಲ ಲಾರಿಯಲ್ಲೇ ಇತ್ತು. ಉಸ್ತಾದ್ ತಮ್ಮ ಕೈಯಿಂದಲೇ ಹಿಂಡಿದ ಪಾನಕವನ್ನು ಮೂವರೂ ಕುಡಿದ ಮೇಲೆ ನಾನೂ ಸಿದ್ದಯ್ಯನೂ ಹೊರಟೆವು.

ಈಗಲೂ ನಾನು ನಿಂಬೆಹಣ್ಣನ್ನು ನಂಬುವುದಿಲ್ಲ. ಉಸ್ತಾದ್ ನಂಬುತ್ತಾರೆ. ಆ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಆದರೆ ವಾದಕ್ಕೆ ನಿಂತಾಗಲೆಲ್ಲ, ನಾನು ಕಂಡದ್ದನ್ನು ಹೇಳುತ್ತಿದ್ದೇನೆಯೋ, ಗೆಲ್ಲುವುದನ್ನು ಹೇಳುತ್ತಿದ್ದೇನೆಯೋ ಎಂದು ಒಂದು ಕ್ಷಣ ನಾಲಗೆ ತಡೆಯುತ್ತದೆ.

ಕೆಲವು ದಿನ ಆ ಕೆರೆ ಏರಿಯ ಮೇಲೆ ಇಟ್ಟಿಗೆ ಇಳಿಸಿ ಬರುವ ಅವರ ಖಾಲಿ ಲಾರಿ ಎದುರಾಗುತ್ತದೆ. ಅಲ್ಲಿ ಒಂದೇ ಗಾಡಿಗೆ ದಾರಿ. ನಾನು ಬ್ರೇಕ್ ತುಳಿದು, ಅಂಚಿಗೆ ಸರಿದು, ಅವರು ಮೊದಲು ಹೋಗಲಿ ಎಂದು ಕಾಯುತ್ತೇನೆ. ಅವರೂ ಆ ತುದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಕೈ ಬೀಸಿ, "ಲೋಡ್ ಗಾಡಿ ನಿಂದು, ನೀ ಬಾರ್ಲಾ ಲಾಯರಿ!" ಎಂದು ಕೂಗುತ್ತಾರೆ. ನಾನು ಅಲುಗುವುದಿಲ್ಲ. ಹಿಂದೆ ಬಸ್ಸಿನವನು ಹಾರನ್ ಒತ್ತುತ್ತಲೇ ಇರುತ್ತಾನೆ.