ಬಾಣಂತಿಗೆ ಕೊಡದ ನೀರು

ನನ್ನ ಚೊಚ್ಚಲ ಬಾಣಂತನ ಎಮ್ಮಿಗನೂರಿನ ತವರುಮನೆಯಲ್ಲಿ. ಕಾಲುವೆ ಬಂದು ಮನೆತುಂಬ ಭತ್ತವಿದ್ದ ಕಾಲ. ತುಪ್ಪಕ್ಕಾಗಲಿ ಅಂಟಿನುಂಡೆಗಾಗಲಿ ಅವ್ವ ಕೈ ಬಿಗಿ ಹಿಡಿಯಲಿಲ್ಲ. ಬಿಗಿ ಹಿಡಿದದ್ದು ನೀರೊಂದಕ್ಕೆ. "ಬಾಣಂತಿ ನೀರು ಕುಡದ್ರ ಹೊಟ್ಟಿ ಬರ್ತೈತಿ, ಕೂಸಿಗೆ ಥಂಡಿ ಆಗ್ತೈತಿ" ಎಂದು ದಿನಕ್ಕೆ ಒಂದೇ ಲೋಟ ಬಿಸಿನೀರು. ಬೇಸಿಗೆ ಬೇರೆ, ಕೋಣೆಯಲ್ಲಿ ಕೆಂಡದ ಶಾಖ ಬೇರೆ. ಒಮ್ಮೆ ಕದ್ದು ನೀರಿನ ಕೊಡಕ್ಕೆ ಕೈಹಾಕಿ ಸಿಕ್ಕಿಬಿದ್ದೆ, ಚೆನ್ನಾಗಿ ಬೈಸಿಕೊಂಡೆ.

ಹತ್ತನೆಯ ದಿನ ತಲೆ ಸಿಡಿಯತೊಡಗಿತು. ಬಾಣಂತಿಗೆ ತಲೆನೋವು ಇದ್ದದ್ದೇ ಎಂದು ಕಿವಿಗೆ ಹತ್ತಿ ಇಟ್ಟು ಬಟ್ಟೆ ಬಿಗಿದರು. ಮರುದಿನ ಬೆಳಿಗ್ಗೆ ಕೂಸನ್ನೆತ್ತಲು ಹೋದರೆ ಎಡಗೈ ಏಳಲೇ ಇಲ್ಲ. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದಳು ಅಜ್ಜಿ. ಅಪ್ಪ ಯಾರ ಮಾತೂ ಕೇಳದೆ ಭತ್ತ ಹೇರುವ ಲಾರಿಯಲ್ಲೇ ಅವ್ವನ ಜೊತೆ ನನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದ.

ಇಪ್ಪತ್ತೆರಡರ ಹುಡುಗಿಗೆ ಲಕ್ವ ಹೇಗೆ ಹೊಡೆಯಿತೆಂದು ಅಪ್ಪ ಅಳುತ್ತಿದ್ದ. ಡಾಕ್ಟರು ಬಿ.ಪಿ. ನೋಡಿದರು, ಎದೆಬಡಿತ ಕೇಳಿದರು, ಪುಟ್ಟ ದೀಪ ಹಿಡಿದು ಕಣ್ಣೊಳಗೆ ಇಣುಕಿದರು. ಕೊನೆಗೆ ಅವ್ವನನ್ನು ಕೇಳಿದರು: "ದಿನಕ್ಕ ಎಷ್ಟು ನೀರು ಕೊಡ್ತೀರಮ್ಮ?"

"ಒಂದು ಲೋಟದ ಮ್ಯಾಲ ಹನಿ ಕೊಟ್ಟಿಲ್ರಿ. ಭಾಳ ಜ್ವಾಪಾನ ಮಾಡೀನ್ರಿ" ಎಂದಳು ಅವ್ವ, ಹೆಮ್ಮೆಯಿಂದಲೇ.

ಡಾಕ್ಟರು ಸಿಟ್ಟಾಗಲಿಲ್ಲ. "ಹೆರಿಗಿ ಆದಮ್ಯಾಲ ರಕ್ತ ಜಲ್ದಿ ಹೆಪ್ಪುಗಟ್ಟತೈತಿ. ನೀರು ಸಾಲದಿದ್ರ ಇನ್ನೂ ಜಾಸ್ತಿ. ತಲಿಯೊಳಗಿನ ನಾಳದಾಗ ಹೆಪ್ಪು ಕುಂತಂಗ ಕಾಣ್ತೈತಿ. ವಯಸ್ಸು ಸಣ್ಣದು, ಕೈ ತಿರುಗಿ ಬರಬಹುದು. ಮೊದಲು ನೀರು ಕೊಡ್ರಿ."

ಸಿಟ್ಟು ಬಂದದ್ದು ನನಗೆ. ಅವ್ವನ ಜೊತೆ ಮಾತೇ ಬಿಟ್ಟೆ. ಅವಳು ಗಳಿಗೆಗೊಮ್ಮೆ ಚೊಂಬು ತಂದು ನಿಂತರೆ ಮುಖ ತಿರುಗಿಸಿ ಕುಡಿಯುತ್ತಿದ್ದೆ. ಮನೆಗೆ ಬಂದಮೇಲೆ ಎಡಗೈಗೆ ಅಕ್ಕಿ ಆರಿಸುವ ಕೆಲಸ ಹಚ್ಚಿದಳು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು ಅಲುಗಿದವು. ಕೂಸು ಅಂಬೆಗಾಲಿಡುವ ಹೊತ್ತಿಗೆ ಅದನ್ನು ಎತ್ತಿಕೊಂಡು ಓಣಿ ತಿರುಗಿದೆ. ಅವ್ವನೊಡನೆ ಮಾತು ಮಾತ್ರ ಬೇಕಾದಷ್ಟೇ.

ಆ ವರ್ಷವೇ ಪಕ್ಕದ ಮನೆಯ ಸೊಸೆ ಹೆತ್ತಳು. ಕೂಸನ್ನೆತ್ತಿಕೊಂಡು ನಾನೂ ಅವ್ವನ ಜೊತೆ ನೋಡಲು ಹೋದೆ. ಬಾಣಂತಿಗೆ ಕೊಡಲೆಂದು ಅವ್ವ ನೀರಿನ ತಂಬಿಗೆ ಕೇಳಿದಳು. ಆ ಮನೆಯ ಅತ್ತೆ ತಡೆದಳು: "ಬ್ಯಾಡವ್ವ. ನಿನ್ನ ಮಗಳಿಗೆ ಗಾಳಿ ಸೋಕಿದ್ದು ಮರತ್ಯಾ?"

ಕೋಣೆತುಂಬ ಹೆಂಗಸರಿದ್ದರು. "ಗಾಳಿ ಅಲ್ಲ" ಎಂದಳು ಅವ್ವ. "ನಾನ ನೀರು ಕೊಡಲಿಲ್ಲ. ಅಕಿಗೆ ಹಂಗಾಗಿದ್ದು ನನ್ನಿಂದ."

ಕೂಸನ್ನು ಅವ್ವನ ಮಡಿಲಿಗೆ ಹಾಕಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಆ ಬಾಣಂತಿಗೆ ನಾನೇ ಕೊಟ್ಟೆ.